ಸರ್ಕಾರದ ದುಡ್ಡು ಊರಿಗೆ ಬಂದ ದಾರಿ



ನಮ್ಮ ಹಾಲು ಉತ್ಪಾದಕರ ಸಂಘಕ್ಕೆ ಇಪ್ಪತ್ತೈದು ವರ್ಷ ತುಂಬಿದೆ. ಕೆ.ಜಿ.ಎಫ್. ಚಿನ್ನದ ಗಣಿ 2001ರ ಫೆಬ್ರವರಿ 28ರಂದು ಮುಚ್ಚಿತು, ಅದಕ್ಕೂ ಹೆಚ್ಚುಕಡಿಮೆ ಅಷ್ಟೇ ವರ್ಷ. ಗಣಿ ನಡೀತಿದ್ದಾಗ ನಮ್ಮ ಹಿರಿಯರು ಹಾಲು, ಸೊಪ್ಪು ಹೊತ್ತು ರಾಬರ್ಟ್‌ಸನ್‌ಪೇಟೆಗೆ ಹೋಗಿ ಮಾರಿ ಬರ್ತಿದ್ರು. ಗಣಿಯವರಿಗೆ ಸಂಬಳ ಆದ ದಿನ ನಮಗೂ ಹಬ್ಬ. ಗಣಿ ನಿಂತ ಮೇಲೆ ಅಲ್ಲಿನವರು ಬೆಳಗಿನ ರೈಲು ಹತ್ತಿ ಬೆಂಗಳೂರಿಗೆ ಕೆಲಸಕ್ಕೆ ಹೊರಟರು. ನಾವು ಸೀಮೆ ಹಸು ಕಟ್ಟಿದೆವು.

ಸ್ಮರಣ ಸಂಚಿಕೆಗೆ ಇತಿಹಾಸ ಬರೆದುಕೊಡಿ ಅಂತ ಕಾರ್ಯದರ್ಶಿಗಳು ಕೇಳಿದರು. ಕಟ್ಟಡದ ವಿಷಯ ಬೇರೆಯವರು ಬರೆದಿದ್ದಾರೆ. ಸರ್ಕಾರದ ದುಡ್ಡು ನಮ್ಮೂರಿನಲ್ಲಿ ಯಾರ ಕೈಗೆ ಬಂತು, ಯಾರ ಕೈಗೆ ಬರಲಿಲ್ಲ ಅನ್ನೋದನ್ನು ನಾವು ಬರೆಯುತ್ತೇವೆ.

ಮೊದಲೆಲ್ಲ ರೈತರಿಗೆ ಸರ್ಕಾರದ ಸಹಾಯ ಅಂದರೆ ಸಾಲ ಮನ್ನಾ. 1990ರಲ್ಲಿ 10,000 ರೂ.ವರೆಗೆ ಆಯಿತು. 2008ರಲ್ಲಿ ಕೇಂದ್ರ ಸರ್ಕಾರ ಸಣ್ಣ ರೈತರ ಬಾಕಿ ಮನ್ನಾ ಮಾಡಿತು. ನಮ್ಮ ರಾಜ್ಯದಲ್ಲಿ ಸಹಕಾರ ಸಂಘಗಳ ಬೆಳೆಸಾಲ 2017ರಲ್ಲಿ 50,000 ರೂ., 2018ರಲ್ಲಿ 1 ಲಕ್ಷ ರೂ.ವರೆಗೆ ಮನ್ನಾ ಆಯಿತು. ಒಳ್ಳೆಯದೇ. ಆದರೆ ಬೆಳೆಸಾಲ ಹುಟ್ಟಬೇಕಾದರೆ ಪಹಣಿ ಬೇಕು. ಪಹಣಿ ಇಲ್ಲದವನಿಗೆ ಸಾಲವೂ ಇಲ್ಲ, ಮನ್ನಾವೂ ಇಲ್ಲ.

ಹಾಲಿನ ಪ್ರೋತ್ಸಾಹಧನ ಹಾಗಲ್ಲ. 2008ರ ಸೆಪ್ಟೆಂಬರಿನಲ್ಲಿ ರಾಜ್ಯ ಸರ್ಕಾರ ಲೀಟರಿಗೆ 2 ರೂ. ಕೊಡಲು ಶುರು ಮಾಡಿತು. 2013ರಲ್ಲಿ 4 ಆಯಿತು, 2016ರಲ್ಲಿ 5. ಇದಕ್ಕೆ ಯಾರೂ ಪಹಣಿ ಕೇಳಲಿಲ್ಲ. ಎಷ್ಟು ಲೀಟರ್ ಹಾಕಿದಿರಿ ಅಂತ ಮಾತ್ರ ಕೇಳಿದರು. ಗುಂಟೆ ಜಮೀನಿಲ್ಲದವರು, ಗಂಡ ಇಲ್ಲದ ಹೆಣ್ಣುಮಕ್ಕಳು, ರಸ್ತೆ ಬದಿಯ ಹುಲ್ಲು ಕುಯ್ದು ಎರಡು ಹಸು ಸಾಕಿದವರು, ಎಲ್ಲರ ಹೆಸರೂ ಪಟ್ಟಿಯಲ್ಲಿ ಬಂತು. ದಿನಕ್ಕೆ 8 ಲೀಟರ್ ಹಾಕುವ ಮನೆಗೆ 5 ರೂಪಾಯಿಯಂತೆ 40 ರೂ., ವರ್ಷಕ್ಕೆ 14,600 ರೂ. ಹಣ ತಿಂಗಳುಗಟ್ಟಲೆ ತಡವಾಗಿ ಬಂದದ್ದೂ ಉಂಟು. ಆಗ ಜನ ಬಂದು ನಮ್ಮನ್ನೇ ಬೈತಿದ್ರು, ದುಡ್ಡು ನಾವೇ ಇಟ್ಟುಕೊಂಡಿದ್ದೀವೇನೋ ಅನ್ನೋ ಹಾಗೆ!

2019ರಲ್ಲಿ ಪಿ.ಎಂ. ಕಿಸಾನ್ ಬಂತು. ವರ್ಷಕ್ಕೆ 6,000 ರೂ., 2,000ದಂತೆ ಮೂರು ಕಂತು, ನೇರ ಖಾತೆಗೆ. ರಾಜ್ಯದಿಂದ ಮೇಲೆ 4,000 ಸೇರುತ್ತಿತ್ತು, 2023ರಲ್ಲಿ ಅದು ನಿಂತಿತು. ಮಧ್ಯೆ ಯಾರ ಕೈಯೂ ಇಲ್ಲ, ಅದು ಮೆಚ್ಚತಕ್ಕ ವಿಷಯ. ಆದರೆ 2019ರ ಫೆಬ್ರವರಿ 1ಕ್ಕೆ ಜಮೀನು ಯಾರ ಹೆಸರಿನಲ್ಲಿತ್ತು ಅಂತ ನೋಡಿದರು. ಆಗ ಊರಿನ ಗುಟ್ಟು ಹೊರಬಿತ್ತು. ಎಷ್ಟೋ ಪಹಣಿಗಳು ಇನ್ನೂ ಸತ್ತವರ ಹೆಸರಿನಲ್ಲೇ ಇದ್ದವು. ಗುತ್ತಿಗೆಗೆ ಉಳೋರಿಗಂತೂ ಏನೂ ಇಲ್ಲ.

ಬೇರೆಯವರ ಮನೆ ಮಾತು ಯಾಕೆ, ನಮ್ಮದೇ ಹೇಳುತ್ತೇವೆ. ನಮ್ಮ ತಂದೆಯವರು ತೀರಿಕೊಂಡಾಗ ಅಣ್ಣ ತಮ್ಮಂದಿರು ಬಾಯಿ ಮಾತಿನಲ್ಲೇ ಭಾಗ ಮಾಡಿಕೊಂಡೆವು. ಖಾತೆ ಹಿರಿಯರಾದ ನಮ್ಮೊಬ್ಬರ ಹೆಸರಿಗೇ ಆಯಿತು, ಆಮೇಲೆ ನೋಡೋಣ ಅಂದುಕೊಂಡೆವು. ಕಂತು ಬಂದದ್ದು ನಮಗೆ. ಬಿಸಿಲಲ್ಲಿ ರಾಗಿ ಬೆಳೆದ ತಮ್ಮನಿಗೆ ಬರಲಿಲ್ಲ. ಮೊದಲ ಕಂತಿನಲ್ಲಿ ಸಾವಿರ ಕೊಡಲು ಹೋದರೆ, "ಭಿಕ್ಷೆ ಬೇಡಣ್ಣ, ನನ್ನ ಹೆಸರಿಗೆ ಮಾಡ್ಕೊಡು" ಅಂದ. ಒಂದು ವರ್ಷ ನಮ್ಮ ಮನೆ ಮೆಟ್ಟಿಲು ಹತ್ತಲಿಲ್ಲ. ಡೇರಿಯಲ್ಲಿ ಮಾತ್ರ ದಿನಾ ಎದುರಾಗುತ್ತಿದ್ದೆವು. ಅಲ್ಲಿ ಸದಸ್ಯತ್ವ ಅವನ ಹೆಂಡತಿಯ ಹೆಸರಿನಲ್ಲಿತ್ತು, ಪ್ರೋತ್ಸಾಹಧನವೂ ಆಯಮ್ಮನ ಖಾತೆಗೇ ಹೋಗುತ್ತಿತ್ತು. ಆ ದುಡ್ಡಿನಲ್ಲೇ ಮಗಳನ್ನು ಬಂಗಾರಪೇಟೆ ಕಾಲೇಜಿಗೆ ಸೇರಿಸಿದರು.

ಈಗ ವಿಭಾಗಕ್ಕೆ ಅರ್ಜಿ ಕೊಟ್ಟಿದ್ದೇವೆ. 11ಇ ನಕ್ಷೆಗೆ ಹಣ ಕಟ್ಟಿದ್ದಾಗಿದೆ, ಸರ್ವೆಯವರು ಅಳತೆಗೆ ಬರಬೇಕು. ಕಲ್ಲು ತೋರಿಸೋಕೆ ಇಬ್ಬರೂ ಜೊತೆಯಲ್ಲೇ ಹೋಗುತ್ತೇವೆ.