53 ಹೆಸರುಗಳ ಪಟ್ಟಿ



ಅಮೆರಿಕೆಯ ಫುಟ್‌ಬಾಲ್ ಎಂದೊಡನೆ ನಮ್ಮವರಲ್ಲಿ ಹಲವರು ನಗುತ್ತಾರೆ. ಕಾಲಿಗಿಂತ ಕೈಗೇ ಹೆಚ್ಚು ಕೆಲಸವಿರುವ ಆಟಕ್ಕೆ ಆ ಹೆಸರೇಕೆ ಎಂಬುದು ಅವರ ಮೊದಲ ಪ್ರಶ್ನೆ. ಆದರೆ ಸಾಗರದಾಚೆ ನೆಲೆಸಿರುವ ನನ್ನ ಕೆಲವು ಹಳೆಯ ವಿದ್ಯಾರ್ಥಿಗಳಿಗೆ ಆಗಸ್ಟ್ ತಿಂಗಳ ಕೊನೆಯ ವಾರವೆಂದರೆ ಪರೀಕ್ಷಾ ಫಲಿತಾಂಶದ ವಾರವಿದ್ದಂತೆ. ತಂಡಗಳು ತಮ್ಮ ಅಂತಿಮ ಪಟ್ಟಿಯನ್ನು ಪ್ರಕಟಿಸುವುದು ಆಗಲೇ. ಯಾರು ಉಳಿದರು, ಯಾರು ಹೋದರು ಎಂದು ಅವರು ಬರೆದು ತಿಳಿಸುತ್ತಾರೆ. ಇತಿಹಾಸ ಹೇಳಿಕೊಟ್ಟು ಬದುಕಿದ ನನಗೆ ಪಂದ್ಯಗಳ ಸೋಲು ಗೆಲುವುಗಳಿಗಿಂತ ಈ ಪಟ್ಟಿಯ ಹುಟ್ಟು ಬೆಳವಣಿಗೆಗಳೇ ಹೆಚ್ಚು ಆಸಕ್ತಿಯ ವಿಷಯ. ಒಂದು ಸಂಖ್ಯೆ ಎಷ್ಟು ಜನರ ಬಾಳನ್ನು ತಿರುಗಿಸಬಲ್ಲದು ಎಂಬುದಕ್ಕೆ ಇದಕ್ಕಿಂತ ಸ್ಪಷ್ಟವಾದ ಉದಾಹರಣೆ ವಿರಳ.

ಎನ್‌ಎಫ್‌ಎಲ್ ಎಂದು ಇಂದು ನಾವು ಕರೆಯುವ ಸಂಸ್ಥೆ 1920ರಲ್ಲಿ ಓಹಾಯೋ ರಾಜ್ಯದ ಕ್ಯಾಂಟನ್ ಎಂಬ ಊರಿನಲ್ಲಿ ಬೇರೊಂದು ಹೆಸರಿನಿಂದ ಹುಟ್ಟಿತು. ಈಗಿನ ಹೆಸರು ಬಂದುದು 1922ರಲ್ಲಿ. ತಂಡವೊಂದರಲ್ಲಿ ಇಂತಿಷ್ಟೇ ಆಟಗಾರರಿರಬೇಕೆಂಬ ಮಿತಿಯನ್ನು ಮೊದಲು ವಿಧಿಸಿದ್ದು 1925ರಲ್ಲಿ. ಆಗಿನ ಮಿತಿ ಕೇವಲ 16. ಹನ್ನೊಂದು ಜನ ಕಣದಲ್ಲಿದ್ದರೆ ಹೊರಗೆ ಉಳಿಯುತ್ತಿದ್ದವರು ಐವರು ಮಾತ್ರ. ದಾಳಿಗೂ ಅವರೇ, ರಕ್ಷಣೆಗೂ ಅವರೇ. ಎರಡನೆಯ ಮಹಾಯುದ್ಧದ ಹೊತ್ತಿಗೆ 33ಕ್ಕೆ ಏರಿದ್ದ ಮಿತಿ 1943ರಲ್ಲಿ 28ಕ್ಕೆ ಇಳಿಯಿತು. ತರುಣರೆಲ್ಲ ಸೈನ್ಯಕ್ಕೆ ಹೋಗಿದ್ದರು. ಆಟವಾಡಲು ಜನರೇ ಇರಲಿಲ್ಲ. ಆ ವರ್ಷ ಪಿಟ್ಸ್‌ಬರ್ಗ್ ಮತ್ತು ಫಿಲಡೆಲ್ಫಿಯಾ ತಂಡಗಳೆರಡೂ ಒಂದಾಗಿ ಆಡಬೇಕಾಯಿತು. ಆಟಗಾರರನ್ನು ಇಷ್ಟ ಬಂದಷ್ಟು ಸಲ ಬದಲಿಸಬಹುದೆಂಬ ನಿಯಮ 1950ರಲ್ಲಿ ಶಾಶ್ವತವಾದ ಮೇಲೆ ಪರಿಸ್ಥಿತಿ ಬೇರೆಯಾಯಿತು. ಒಬ್ಬೊಬ್ಬನಿಗೆ ಒಂದೊಂದೇ ಕೆಲಸ ಎಂಬ ಶ್ರಮವಿಭಜನೆ ಬೆಳೆಯಿತು, ಪಟ್ಟಿಯೂ ಬೆಳೆಯಿತು. ಅದು 53ಕ್ಕೆ ಬಂದು ನೆಲೆಯಾಗಿ ನಿಂತದ್ದು 1993ರಲ್ಲಿ.

ಈಗ ಲೆಕ್ಕ ನೋಡೋಣ. ಬೇಸಿಗೆಯ ಶಿಬಿರಕ್ಕೆ ತಂಡವೊಂದು 90 ಮಂದಿಯನ್ನು ಕರೆಸಿಕೊಳ್ಳಬಹುದು. ಋತು ಆರಂಭವಾಗುವ ಮೊದಲು ಅವರಲ್ಲಿ 37 ಜನರನ್ನು ಬಿಡಬೇಕು. ತಂಡಗಳು 32. ಎಲ್ಲ ತಂಡಗಳ ಶಿಬಿರವೂ ತುಂಬಿದ್ದರೆ 1,184 ಜನರು ಕೆಲಸ ಕಳೆದುಕೊಳ್ಳುತ್ತಾರೆ. ಹಿಂದೆ ಇದನ್ನು ಹಂತ ಹಂತವಾಗಿ ಮಾಡುತ್ತಿದ್ದರು. 2023ರಿಂದ ಮತ್ತೆ ಒಂದೇ ಏಟಿಗೆ ಕಡಿತ ನಡೆಯುತ್ತಿದೆ. ಬಿಡಲ್ಪಟ್ಟವರಲ್ಲಿ ನಾಲ್ಕು ಋತುಗಳ ಅನುಭವ ಪೂರ್ಣವಾಗದವರು 'ವೇವರ್' ಎಂಬ ಪಟ್ಟಿಗೆ ಹೋಗುತ್ತಾರೆ. ಬೇರೆ ತಂಡ ಬೇಕೆಂದರೆ ಅವರನ್ನು ಎತ್ತಿಕೊಳ್ಳಬಹುದು. ಯಾರಿಗೂ ಬೇಡವಾದವರಲ್ಲಿ ಕೆಲವರನ್ನು 'ಪ್ರಾಕ್ಟೀಸ್ ಸ್ಕ್ವಾಡ್' ಎಂಬ ಅಭ್ಯಾಸ ತಂಡಕ್ಕೆ ಸೇರಿಸಿಕೊಳ್ಳುತ್ತಾರೆ. 2024ರ ದರದಂತೆ ಅಭ್ಯಾಸ ತಂಡದ ಹೊಸಬನಿಗೆ ವಾರಕ್ಕೆ 12,500 ಡಾಲರ್. ಮುಖ್ಯ ಪಟ್ಟಿಯ ಹೊಸಬನಿಗೆ ಋತುವಿಗೆ ಕನಿಷ್ಠ 7,95,000 ಡಾಲರ್, ಅಂದರೆ ವಾರಕ್ಕೆ ಸುಮಾರು 44,000. ಐವತ್ತಮೂರನೆಯವನಿಗೂ ಐವತ್ತನಾಲ್ಕನೆಯವನಿಗೂ ಆಟದಲ್ಲಿ ಕೂದಲೆಳೆಯ ಅಂತರವಿದ್ದರೂ ಸಂಬಳದಲ್ಲಿ ಇಷ್ಟು ದೊಡ್ಡ ಅಂತರವಿರುತ್ತದೆ.

ಪಟ್ಟಿಯಿಂದ ಬಿಡಲ್ಪಟ್ಟವನನ್ನು ಕರೆಯಲು ಬರುವ ನೌಕರನಿಗೆ ಆಟಗಾರರು 'ಟರ್ಕ್' ಎಂದು ಅಡ್ಡಹೆಸರಿಟ್ಟಿದ್ದಾರೆ. ತರಬೇತುದಾರರು ಕರೆಯುತ್ತಿದ್ದಾರೆ, ನಿನ್ನ ತಂತ್ರಗಳ ಪುಸ್ತಕವನ್ನೂ ತೆಗೆದುಕೊಂಡು ಬಾ ಎಂದು ಆತ ಹೇಳಿದರೆ ಮುಗಿಯಿತು. ಪುಸ್ತಕ ಹಿಂತಿರುಗಿಸುವುದೆಂದರೆ ಮನೆಗೆ ಹೊರಡುವುದೆಂದೇ ಅರ್ಥ.

ಆದರೆ ಈ ಕಡಿತ ತಪ್ಪದ ತೀರ್ಪೇನೂ ಅಲ್ಲ. 1955ರಲ್ಲಿ ಪಿಟ್ಸ್‌ಬರ್ಗ್ ತಂಡವು ಅದೇ ಊರಿನ ಹುಡುಗ ಜಾನಿ ಯುನೈಟಸ್‌ನನ್ನು ಶಿಬಿರದಿಂದಲೇ ಹಿಂದಕ್ಕೆ ಕಳುಹಿಸಿತು. ಆತ ಕಟ್ಟಡದ ಕೆಲಸ ಮಾಡುತ್ತ, ಪಂದ್ಯಕ್ಕೆ ಆರು ಡಾಲರಿನಂತೆ ಊರಿನ ಸಣ್ಣ ತಂಡವೊಂದರಲ್ಲಿ ಆಡಿದ. ಮರುವರ್ಷ ಬಾಲ್ಟಿಮೋರ್ ತಂಡ ಅವನನ್ನು ಕರೆದುಕೊಂಡಿತು. 1958ರ ಡಿಸೆಂಬರಿನಲ್ಲಿ ಅವನ ಮುಂದಾಳತ್ವದಲ್ಲಿ ಬಾಲ್ಟಿಮೋರ್ ನ್ಯೂಯಾರ್ಕನ್ನು 23–17ರಿಂದ ಸೋಲಿಸಿ ಚಾಂಪಿಯನ್ ಆಯಿತು. ಆ ಪಂದ್ಯವನ್ನು ಅಮೆರಿಕನ್ನರು ಇಂದಿಗೂ ನೆನೆಯುತ್ತಾರೆ.

ಪಟ್ಟಿಗೆ ಒಂದು ಹಿತ್ತಲ ಬಾಗಿಲೂ ಇದೆ. ಅದೇ 'ಇಂಜರ್ಡ್ ರಿಸರ್ವ್', ಗಾಯಾಳುಗಳ ಪ್ರತ್ಯೇಕ ಪಟ್ಟಿ. ಅಲ್ಲಿಗೆ ಸೇರಿದವನು 53ರ ಲೆಕ್ಕಕ್ಕೆ ಬರುವುದಿಲ್ಲ. ಅವನ ಜಾಗಕ್ಕೆ ಇನ್ನೊಬ್ಬ ಬರುತ್ತಾನೆ. 2012ಕ್ಕೆ ಮುಂಚಿನ ವರ್ಷಗಳಲ್ಲಿ ಈ ಪಟ್ಟಿ ಸೇರಿದವನ ಪಾಲಿಗೆ ಆ ಋತುವೇ ಮುಗಿದಂತೆ. 2012ರಲ್ಲಿ ತಂಡಕ್ಕೊಬ್ಬನಂತೆ ಮರಳಿ ಬರಲು ಅವಕಾಶವಾಯಿತು. ಈಗ, 2022ರ ನಿಯಮದಂತೆ, ಕನಿಷ್ಠ ನಾಲ್ಕು ಪಂದ್ಯಗಳನ್ನು ಬಿಟ್ಟ ಮೇಲೆ ಮರಳಬಹುದು. ಋತುವಿನಲ್ಲಿ ಇಂಥ ಎಂಟು ಅವಕಾಶಗಳಿವೆ. ಆದರೂ ಒಂದು ತೊಡಕು ಉಳಿದಿತ್ತು. ಮರಳಿ ಬರಬೇಕೆಂದಿರುವ ಗಾಯಾಳು ಮೊದಲು 53ರೊಳಗೆ ಒಂದು ದಿನವಾದರೂ ಇರಲೇಬೇಕಿತ್ತು. ಅದಕ್ಕಾಗಿ ತಂಡಗಳು ಆರೋಗ್ಯವಂತನಾದ ಹಿರಿಯ ಆಟಗಾರನೊಬ್ಬನನ್ನು ಬಿಟ್ಟು, ನಾಳೆ ಮತ್ತೆ ಕರೆಯುತ್ತೇವೆಂದು ಮಾತು ಕೊಡುತ್ತಿದ್ದವು. 2024ರಿಂದ ಕಡಿತದ ದಿನವೇ ಇಬ್ಬರನ್ನು ನೇರವಾಗಿ ಗಾಯಾಳುಗಳ ಪಟ್ಟಿಗೆ ಹಾಕಿ, ಮುಂದೆ ಮರಳಿಸಿಕೊಳ್ಳಲು ಅನುಮತಿಯಿದೆ.

ಈ ಅನುಕೂಲ ತಂಡಕ್ಕೆ ಅತ್ಯಗತ್ಯನಾದವನಿಗೆ ಸಲ್ಲುತ್ತದೆ. ಪಟ್ಟಿಯ ಅಂಚಿನಲ್ಲಿರುವ ತರುಣನ ಸ್ಥಿತಿ ಬೇರೆ. ಆಟದಲ್ಲಿ ಗಾಯಗೊಂಡವನನ್ನು ಬರಿಗೈಯಲ್ಲಿ ಕಳುಹಿಸುವಂತಿಲ್ಲವೆಂಬುದು ನಿಜ. ಗಾಯ ಮಾಯುವಷ್ಟು ವಾರಗಳ ಹಣವನ್ನು ಲೆಕ್ಕಹಾಕಿ ಕೊಟ್ಟು ಬಿಡುಗಡೆ ಮಾಡುವ ಪದ್ಧತಿಯೂ ಇದೆ. ಆದರೆ ಅವನಿಗೆ ಬೇಕಾದದ್ದು ಪರಿಹಾರವಲ್ಲ, ತನ್ನ ಆಟವನ್ನು ತೋರಿಸಲು ಬೇಕಾದ ದಿನಗಳು. ಅವನ ನೋವಿನ ಕಾಲದಲ್ಲಿ ಅವನ ಜಾಗದಲ್ಲಿ ಇನ್ನೊಬ್ಬ ಓಡುತ್ತಿರುತ್ತಾನೆ. ಆದ್ದರಿಂದಲೇ ನೋವನ್ನು ಮುಚ್ಚಿಟ್ಟು ಆಡುವ ಚಾಳಿ ಆ ಆಟದಲ್ಲಿ ಹಳೆಯದು.

ಇನ್ನು 'ಟೈಟ್ ಎಂಡ್' ಎಂಬ ಸ್ಥಾನದ ವಿಚಾರ. ಇವನದು ಎರಡು ದೋಣಿಗಳ ಮೇಲೆ ಕಾಲಿಟ್ಟ ಬಾಳು. ಒಮ್ಮೆ ಭಾರಿ ಗಾತ್ರದ ಎದುರಾಳಿಯನ್ನು ಎದೆಯೊಡ್ಡಿ ತಡೆಯಬೇಕು, ಮರುಕ್ಷಣ ಓಡಿಹೋಗಿ ಚೆಂಡನ್ನು ಹಿಡಿಯಬೇಕು. 53 ಜನರಲ್ಲಿ ಈ ಸ್ಥಾನಕ್ಕೆ ಸಾಮಾನ್ಯವಾಗಿ ಮೂವರು, ಹೆಚ್ಚೆಂದರೆ ನಾಲ್ವರು. ಹೀಗಾಗಿ ದೇಹ ಸ್ವಲ್ಪ ಚಿಕ್ಕದಾಯಿತೆಂದರೆ ಅವನ ಹೆಸರಿನ ಮುಂದೆ ಪ್ರಶ್ನಾರ್ಥಕ ಚಿಹ್ನೆ ಬೀಳುತ್ತದೆ. ತಡೆಯಲು ಭಾರ ಸಾಲದು, ಓಟಗಾರರ ಸಾಲಿನಲ್ಲಿ ನಿಲ್ಲಲು ವೇಗ ಸಾಲದು ಎಂಬುದು ತೀರ್ಪು.

ಆದರೆ 'ಚಿಕ್ಕವನು' ಎಂಬ ಮಾತು ಯಾವ ಕಾಲದ ಅಳತೆಯಿಂದ ಹುಟ್ಟಿತು? ಇತಿಹಾಸ ಇಲ್ಲಿ ಒಂದು ಸೋಜಿಗವನ್ನು ತೋರಿಸುತ್ತದೆ. 1961ರಲ್ಲಿ ಶಿಕಾಗೋ ತಂಡಕ್ಕೆ ಬಂದ ಮೈಕ್ ಡಿಟ್ಕಾ ಮೊದಲ ವರ್ಷವೇ 56 ಬಾರಿ ಚೆಂಡು ಹಿಡಿದು 1,076 ಗಜಗಳನ್ನು ಗಳಿಸಿ, ಈ ಸ್ಥಾನದ ಸ್ವರೂಪವನ್ನೇ ಬದಲಿಸಿದ. ಆತ ಆರಡಿ ಮೂರಂಗುಲ ಎತ್ತರ, 228 ಪೌಂಡ್ ತೂಕ. 1963ರಲ್ಲಿ ಬಾಲ್ಟಿಮೋರ್ ಸೇರಿದ ಜಾನ್ ಮ್ಯಾಕಿ ಆರಡಿ ಎರಡಂಗುಲ, 224 ಪೌಂಡ್. ಟೈಟ್ ಎಂಡ್‌ಗಳ ಪೈಕಿ ಕೀರ್ತಿಮಂದಿರಕ್ಕೆ ಮೊದಲು ಸೇರಿದವರು ಇವರಿಬ್ಬರೇ, 1988ರಲ್ಲಿ ಡಿಟ್ಕಾ, 1992ರಲ್ಲಿ ಮ್ಯಾಕಿ. ನಮ್ಮ ಕಾಲದ ರಾಬ್ ಗ್ರಾಂಕೌಸ್ಕಿಯ ಅಳತೆ ಆರಡಿ ಆರಂಗುಲ, 265 ಪೌಂಡ್, ಅಂದರೆ 120 ಕಿಲೋ. ಆ ಸ್ಥಾನವನ್ನು ಕಟ್ಟಿ ಬೆಳೆಸಿದ ಇಬ್ಬರೂ ಇಂದಿನ ಶಿಬಿರಕ್ಕೆ ಬಂದರೆ 'ಚಿಕ್ಕವರು' ಎನ್ನಿಸಿಕೊಳ್ಳುತ್ತಿದ್ದರು!

ಅಂಥ ಅಳತೆಯ ಹುಡುಗನೇ ಶ್ಯಾನನ್ ಶಾರ್ಪ್. ಜಾರ್ಜಿಯಾ ರಾಜ್ಯದ ಗ್ಲೆನ್‌ವಿಲ್ ಎಂಬಲ್ಲಿ ಅಜ್ಜಿಯ ಆಶ್ರಯದಲ್ಲಿ ಬೆಳೆದವನು. ಅಣ್ಣ ಸ್ಟರ್ಲಿಂಗ್ 1988ರ ಆಯ್ಕೆಯಲ್ಲಿ ಇಡೀ ದೇಶಕ್ಕೆ ಏಳನೆಯವನಾಗಿ ಗ್ರೀನ್ ಬೇ ತಂಡ ಸೇರಿದ. ತಮ್ಮನಿಗೆ 1990ರಲ್ಲಿ ದೊರೆತದ್ದು ಏಳನೆಯ ಸುತ್ತು, 192ನೆಯ ಸ್ಥಾನ. ಡೆನ್ವರ್ ತಂಡ ಅವನನ್ನು ಟೈಟ್ ಎಂಡ್ ಮಾಡಿತು. ಮೊದಲ ವರ್ಷ ಹಿಡಿದ ಚೆಂಡುಗಳು ಏಳು, ಎರಡನೆಯ ವರ್ಷ 22, ಮೂರನೆಯ ವರ್ಷ 53. ಆಟ ಬಿಡುವ ಹೊತ್ತಿಗೆ ಒಟ್ಟು 815, ಗಳಿಸಿದ ಗಜಗಳು 10,060. ಆ ಸ್ಥಾನದಲ್ಲಿ ಹತ್ತು ಸಾವಿರ ಗಜಗಳ ಗಡಿ ದಾಟಿದ ಮೊದಲಿಗ ಅವನೇ. ಅತ್ತ ಅಣ್ಣನ ಕತೆ ನೋಡಿ. ಏಳು ಋತುಗಳಲ್ಲಿ ಒಂದು ಪಂದ್ಯವನ್ನೂ ತಪ್ಪಿಸದೆ 595 ಬಾರಿ ಚೆಂಡು ಹಿಡಿದ ಸ್ಟರ್ಲಿಂಗ್‌ನ ಆಟ 1994ರ ಕತ್ತಿನ ಗಾಯದೊಂದಿಗೆ ಮುಗಿದುಹೋಯಿತು. ತಮ್ಮ 2011ರಲ್ಲಿ ಕೀರ್ತಿಮಂದಿರ ಸೇರಿದ. ಅಣ್ಣ ಅಲ್ಲಿಗೆ ತಲುಪಿದ್ದು 2025ರಲ್ಲಿ. ಒಂದೇ ಮನೆಯಲ್ಲಿ ಆಯ್ಕೆಯ ಲೆಕ್ಕವೂ ಗಾಯದ ಲೆಕ್ಕವೂ ಎರಡೂ ತಲೆಕೆಳಗಾದವು.

ಎಲ್ಲರೂ ಶಾರ್ಪ್ ಆಗುವುದಿಲ್ಲ. ಚಿಕ್ಕ ದೇಹದವನ ನಿಜವಾದ ಹಾದಿ ಯಾವುದೆಂಬುದಕ್ಕೆ ಟ್ರೇ ಬರ್ಟನ್ ಸರಿಯಾದ ನಿದರ್ಶನ. 2014ರಲ್ಲಿ ಯಾವ ತಂಡವೂ ಅವನನ್ನು ಆಯ್ಕೆ ಮಾಡಲಿಲ್ಲ. ತೂಕ ಸುಮಾರು 235 ಪೌಂಡ್. ಫಿಲಡೆಲ್ಫಿಯಾ ಶಿಬಿರದಲ್ಲಿ ಸ್ಥಾನ ಗಳಿಸಿಕೊಂಡದ್ದು ಒದೆತದ ಚೆಂಡಿನ ಹಿಂದೆ ಓಡುವ, ಯಾರೂ ಹೊಗಳದ 'ಸ್ಪೆಷಲ್ ಟೀಮ್ಸ್' ಕೆಲಸದಿಂದ. 2018ರ ಫೆಬ್ರವರಿ 4ರ ಸೂಪರ್ ಬೌಲ್‌ನಲ್ಲಿ ಇದೇ ಬರ್ಟನ್, ಕಾಲೇಜಿನಲ್ಲಿ ಕ್ವಾರ್ಟರ್‌ಬ್ಯಾಕ್ ಆಗಿಯೂ ಆಡಿದ್ದ ಅನುಭವದಿಂದ, ತನ್ನ ನಾಯಕ ನಿಕ್ ಫೋಲ್ಸ್‌ಗೇ ಚೆಂಡು ಎಸೆದು ಅಂಕ ತಂದುಕೊಟ್ಟ. ಎದುರಾಳಿ ತಂಡದಲ್ಲಿ ಗ್ರಾಂಕೌಸ್ಕಿ ಇದ್ದ. ಗೆದ್ದದ್ದು 41–33ರಿಂದ ಫಿಲಡೆಲ್ಫಿಯಾ. ಮರುತಿಂಗಳೇ ಶಿಕಾಗೋ ತಂಡ ನಾಲ್ಕು ವರ್ಷಕ್ಕೆ 3.2 ಕೋಟಿ ಡಾಲರಿನ ಕರಾರು ಮಾಡಿಕೊಂಡಿತು. 2019ರಲ್ಲಿ ಎಂಟು ಪಂದ್ಯಗಳ ಬಳಿಕ ಗಾಯಾಳುಗಳ ಪಟ್ಟಿ ಸೇರಿದ. 2020ರ ಏಪ್ರಿಲಿನಲ್ಲಿ ತಂಡ ಅವನನ್ನು ಬಿಟ್ಟಿತು. ಏರಿದ ಏಣಿಯೂ ಇಳಿದ ಏಣಿಯೂ ಒಂದೇ.

ಕೊನೆಯದಾಗಿ ಮ್ಯಾಕಿಯ ವಿಷಯವನ್ನು ಹೇಳದಿದ್ದರೆ ಪಾಠ ಅಪೂರ್ಣವಾಗುತ್ತದೆ. ಹತ್ತು ಋತುಗಳಲ್ಲಿ ಒಂದೇ ಒಂದು ಪಂದ್ಯ ತಪ್ಪಿಸಿದ ಗಟ್ಟಿಗ ಆತ. 1970ರಲ್ಲಿ ಆಟಗಾರರ ಸಂಘದ ಅಧ್ಯಕ್ಷನಾದ. ಕರಾರು ಮುಗಿದ ಆಟಗಾರನನ್ನು ಬೇರೆ ತಂಡ ಸೇರಿಸಿಕೊಂಡರೆ ಹಳೆಯ ತಂಡಕ್ಕೆ ಪರಿಹಾರ ಕೊಡಬೇಕೆಂಬ ನಿಯಮವನ್ನು ನ್ಯಾಯಾಲಯದಲ್ಲಿ ಪ್ರಶ್ನಿಸಿದ. 1976ರಲ್ಲಿ ತೀರ್ಪು ಆಟಗಾರರ ಪರವಾಗಿ ಬಂತು. ಇಂದಿನ ಆಟಗಾರನ ಚೌಕಾಸಿಯ ಶಕ್ತಿಗೆ ಆ ತೀರ್ಪಿನ ಋಣವಿದೆ. ಆದರೆ ಮುಪ್ಪಿನಲ್ಲಿ ಮ್ಯಾಕಿಯನ್ನು ಮರೆವಿನ ರೋಗ ಕವಿಯಿತು. ಪತ್ನಿ ಸಿಲ್ವಿಯಾ ಲೀಗಿನ ಮುಖ್ಯಸ್ಥರಿಗೆ ಪತ್ರ ಬರೆದು ಆ ಕಷ್ಟವನ್ನು ತೋಡಿಕೊಂಡರು. ಅದರ ಫಲವಾಗಿ 2007ರಲ್ಲಿ ಅಂಥ ರೋಗಿಗಳ ಆರೈಕೆಗೆ ನೆರವು ನೀಡುವ ಯೋಜನೆ ಜಾರಿಗೆ ಬಂತು. ಆತ ತೊಡುತ್ತಿದ್ದ ಅಂಗಿಯ ಸಂಖ್ಯೆಯ ನೆನಪಿಗೆ ಅದಕ್ಕೆ '88 ಯೋಜನೆ' ಎಂಬ ಹೆಸರಾಯಿತು. ಮ್ಯಾಕಿ 2011ರಲ್ಲಿ ತೀರಿಕೊಂಡ.

ತರುಣನೊಬ್ಬ ಪಟ್ಟಿಯಲ್ಲಿ ಉಳಿಯುವನೇ ಎಂದು ನನ್ನ ಶಿಷ್ಯರು ಕೇಳುತ್ತಾರೆ. ಅವನ ಎತ್ತರ ತೂಕಗಳಿಗಿಂತ ಮೊದಲು ನಾನು ಕೇಳುವ ಪ್ರಶ್ನೆಗಳು ಬೇರೆ. ಯಾರೂ ಒಪ್ಪದ ಕೆಲಸವನ್ನು ಅವನು ಮಾಡಬಲ್ಲನೇ? ಒಂದಕ್ಕಿಂತ ಹೆಚ್ಚು ವಿದ್ಯೆ ಅವನ ಕೈಯಲ್ಲಿದೆಯೇ? ಆಗಸ್ಟ್ ತಿಂಗಳಿನಲ್ಲಿ ಮೈ ನೆಟ್ಟಗಿದೆಯೇ? ಮೊದಲೆರಡು ಅವನ ಕೈಯಲ್ಲಿವೆ, ಮೂರನೆಯದು ಇಲ್ಲ. ಮೂರು ಋತುಗಳು ಲೆಕ್ಕಕ್ಕೆ ಸೇರಿದರೆ ನಿವೃತ್ತಿವೇತನದ ಹಕ್ಕು ದೊರೆಯುತ್ತದೆಂಬುದನ್ನೂ, ಗಾಯಾಳುಗಳ ಪಟ್ಟಿಯಲ್ಲಿ ಕಳೆದ ಕಾಲವೂ ಆ ಲೆಕ್ಕಕ್ಕೆ ಸೇರುತ್ತದೆಂಬುದನ್ನೂ ಅವನು ತಿಳಿದಿರಲಿ. ಪಿಂಚಣಿ ಪಡೆಯುತ್ತಿರುವ ಮೇಷ್ಟರ ಮಾತು ಇದು, ನಗಬೇಡಿ.

ಎಲ್ಲರಿಗೂ ಶುಭವಾಗಲಿ.