ಫಿಲ್ಮಿಲ್ಲದೆ ಚಿತ್ರವಿದ್ಯೆಯನ್ನು ಕಲಿತವರು

ಬೇಸಗೆಯ ರಜೆಯಲ್ಲಿ ಹದಿಹರೆಯದ ಬಾಲಕಬಾಲಿಕೆಯರನ್ನು ಒಂದೆಡೆ ಇರಿಸಿಕೊಂಡು, ಕೆಲವೇ ದಿನಗಳಲ್ಲಿ ಅವರ ಕೈಯಿಂದಲೇ ಕಿರುಚಿತ್ರವೊಂದನ್ನು ಮಾಡಿಸುವ ಶಿಬಿರಗಳು ಈಗ ನಾನಾ ದೇಶಗಳಲ್ಲಿ ನಡೆಯುತ್ತಿವೆ. ಕಥೆ ಕಟ್ಟುವವರು, ಅಭಿನಯಿಸುವವರು, ಕ್ಯಾಮರಾ ಹಿಡಿಯುವವರು, ದೃಶ್ಯಗಳನ್ನು ಜೋಡಿಸುವವರು ಎಲ್ಲರೂ ಶಿಷ್ಯರೇ. ಹೀಗೆ ಕೂಡಿ ದುಡಿಯುತ್ತ ಕಲಿಯುವ ಕ್ರಮಕ್ಕೆ ಹಳೆಯದೊಂದು ನಿದರ್ಶನವು ಮಾಸ್ಕೋ ನಗರದಲ್ಲಿ ದೊರೆಯುತ್ತದೆ. ಅದು ರಜೆಯ ಶಿಬಿರವಲ್ಲ, ವರ್ಷಗಟ್ಟಲೆಯ ವ್ಯಾಸಂಗ. ಆದರೂ ಶಿಬಿರಗಳು ಅದರಿಂದ ಕಲಿಯತಕ್ಕುದು ಉಂಟು.

1919ರಲ್ಲಿ ಅಲ್ಲಿ ಸರಕಾರಿ ಚಲಚ್ಚಿತ್ರ ಶಾಲೆಯು ಸ್ಥಾಪಿತವಾಯಿತು. ಜಗತ್ತಿನಲ್ಲಿ ಇದೇ ಮೊದಲನೆಯದೆಂದು ಅದಕ್ಕೆ ಖ್ಯಾತಿ. ಆ ಶಾಲೆಯಲ್ಲಿ ಶಿಷ್ಯಮಂಡಲಿಯೊಂದನ್ನು ಕಟ್ಟಿದ ಲೆವ್ ಕುಲೆಷೋವನು ಹುಟ್ಟಿದ್ದು 1899ರಲ್ಲಿ. ಹದಿಹರೆಯದಲ್ಲಿಯೇ ಚಿತ್ರಶಾಲೆಯನ್ನು ಹೊಕ್ಕು, ಬಾವರನೆಂಬ ನಿರ್ದೇಶಕನ ಚಿತ್ರಗಳಿಗೆ ರಂಗಸಜ್ಜನ್ನು ರಚಿಸಿದವನು ಅವನು. ಅವನ ಶಿಷ್ಯನಾದ ಪುಡೋವ್ಕಿನನಾದರೋ ಗುರುವಿಗಿಂತ ಆರು ವರ್ಷ ಹಿರಿಯ!

ವಿದ್ಯೆಗೆ ತೊಡಗಿದವರಿಗೆ ಮೊದಲು ಎದುರಾದುದು ಅಭಾವ. ಆಗ ರಷ್ಯದಲ್ಲಿ ಫಿಲ್ಮು ತಯಾರಾಗುತ್ತಿರಲಿಲ್ಲ. ಅಂತರ್ಯುದ್ಧ, ದಿಗ್ಬಂಧನಗಳಿಂದಾಗಿ ಪರದೇಶದಿಂದ ಬರುವುದೂ ದುರ್ಲಭವಾಗಿತ್ತು. ಆದುದರಿಂದ ಅವರು ಕಥೆಯನ್ನು ಚಿತ್ರದಂತೆಯೇ ಸಣ್ಣ ಸಣ್ಣ ದೃಶ್ಯಗಳಾಗಿ ವಿಭಾಗಿಸಿ, ಒಂದೊಂದು ಚಲನೆಯನ್ನೂ ಅಳೆದು, ರಂಗದ ಮೇಲೆ ಅಭಿನಯಿಸಿದರು. 'ಫಿಲ್ಮಿಲ್ಲದ ಚಿತ್ರ'ಗಳೆಂದು ಇವುಗಳಿಗೆ ಹೆಸರಾಯಿತು.

ಇದ್ದ ಹಳೆಯ ತುಂಡುಗಳನ್ನು ಜೋಡಿಸಿಯೂ ಅವರು ಪರೀಕ್ಷೆಗಳನ್ನು ನಡೆಸಿದರು. ಅವುಗಳಲ್ಲೊಂದು ಲೋಕಪ್ರಸಿದ್ಧವಾಗಿದೆ. ಪುಡೋವ್ಕಿನನ ವಿವರಣೆಯಂತೆ, ಮೊಜ್ಜೂಖಿನ್ ಎಂಬ ನಟನ ನಿರ್ವಿಕಾರವಾದ ಮುಖವನ್ನು ಒಮ್ಮೆ ಸಾರಿನ ಬಟ್ಟಲಿನೊಡನೆ, ಒಮ್ಮೆ ಶವಪೆಟ್ಟಿಗೆಯಲ್ಲಿ ಮಲಗಿದ ಸ್ತ್ರೀಯೊಡನೆ, ಮತ್ತೊಮ್ಮೆ ಆಟವಾಡುವ ಮಗುವಿನೊಡನೆ ಜೋಡಿಸಲಾಯಿತು. ಮುಖವು ಒಂದೇ, ಪ್ರೇಕ್ಷಕರಾದರೋ ಅದರಲ್ಲಿ ಚಿಂತೆಯನ್ನೂ ಶೋಕವನ್ನೂ ಸಂತೋಷವನ್ನೂ ಕಂಡು ನಟನನ್ನು ಕೊಂಡಾಡಿದರಂತೆ.

ನಮ್ಮ ಶಾಸ್ತ್ರಕಾರರ ವಾಕ್ಯವಿಚಾರವನ್ನು ಬಲ್ಲವರಿಗೆ ಇದು ಅಪರಿಚಿತವೆನಿಸದು. ಆಕಾಂಕ್ಷೆ, ಯೋಗ್ಯತೆ, ಸನ್ನಿಧಿ ಎಂಬ ಮೂರೂ ಕೂಡಿದಲ್ಲದೆ ಪದಗಳ ಗುಂಪು ವಾಕ್ಯವಾಗದು. ಮುಂದೇನೆಂಬ ಅಪೇಕ್ಷೆ, ಒಂದಕ್ಕೊಂದು ಹೊಂದುವಿಕೆ, ಒಂದರ ಬಳಿಕ ಒಂದು ತಡವಿಲ್ಲದೆ ಬರುವಿಕೆ ಇವು ಪದಗಳಿಗೆ ಹೇಗೋ ದೃಶ್ಯಗಳಿಗೂ ಹಾಗೆಯೇ ಬೇಕೆಂಬುದನ್ನು ಆ ತರುಣರು ಪ್ರಯೋಗದಿಂದ ಕಂಡುಕೊಂಡರು.

ಮುಂದೆ ಫಿಲ್ಮು ದೊರೆತಾಗ ಈ ಸಾಧನೆಯು ಫಲಿಸಿತು. 1924ರಲ್ಲಿ ಗುರುಶಿಷ್ಯರು ಕೂಡಿ ವೆಸ್ಟ್ ಮಹಾಶಯನ ಸಾಹಸಗಳ ಹಾಸ್ಯಚಿತ್ರವನ್ನು ರಚಿಸಿದರು. 1926ರಲ್ಲಿ ಪುಡೋವ್ಕಿನನು ಗೋರ್ಕಿಯ 'ತಾಯಿ' ಕಾದಂಬರಿಯನ್ನು ಚಿತ್ರವಾಗಿಸಿ ಕೀರ್ತಿಶಾಲಿಯಾದನು.

ದಾರಿದ್ರ್ಯವನ್ನು ಹೊಗಳಬೇಕಾದುದಿಲ್ಲ. ಇಂದಿನ ಬಾಲಕನ ಕೈಯ ಫೋನು ಸಾವಿರ ಸಲ ಚಿತ್ರ ತೆಗೆದರೂ ಫಿಲ್ಮಿನ ವೆಚ್ಚವಿಲ್ಲ. ಇದು ಭಾಗ್ಯವೇ ಸರಿ. ಆದರೆ ಪದಕೋಶವು ಕೈಯಲ್ಲಿದ್ದ ಮಾತ್ರಕ್ಕೆ ವಾಕ್ಯರಚನೆಯು ಬಂದೀತೆ? ಶಿಬಿರದ ಮೊದಲನೆಯ ದಿನವಾದರೂ ಕ್ಯಾಮರಾವನ್ನು ಬದಿಗಿರಿಸಿ, ಯಾವುದರ ಬಳಿಕ ಯಾವುದು ಬರಬೇಕು, ಏಕೆ ಬರಬೇಕು ಎಂಬುದನ್ನು ಮಕ್ಕಳೇ ಅಭಿನಯಿಸಿ ನೋಡುವಂತೆ ಮಾಡಿದರೆ, ಉಳಿದ ದಿನಗಳು ಸಾರ್ಥಕವಾದಾವು.