ಪೆರ್ಪೆತುವಾ ಮತ್ತು ಫೆಲಿಸಿಟಿ: ಕಾರ್ಥೇಜಿನ ರಕ್ತಸಾಕ್ಷಿಗಳು

ರೋಮನ್ ಆಫ್ರಿಕಾದ ಪ್ರಮುಖ ನಗರ ಕಾರ್ಥೇಜಿನಲ್ಲಿ (ಇಂದಿನ ಟುನೀಶಿಯ) ಕ್ರಿ.ಶ. 203ರ ಮಾರ್ಚ್ 7ರಂದು ಕ್ರೈಸ್ತ ನಂಬಿಕೆಗಾಗಿ ಪ್ರಾಣ ತೆತ್ತ ಯುವತಿಯರು ಇವರು. ವಿಬಿಯಾ ಪೆರ್ಪೆತುವಾ ಕುಲೀನ ಮನೆತನದ ವಿದ್ಯಾವಂತೆ. ವಯಸ್ಸು ಸುಮಾರು 22, ಮಡಿಲಲ್ಲಿ ಮೊಲೆಹಾಲು ಕುಡಿಯುವ ಗಂಡುಮಗು. ಫೆಲಿಸಿಟಿ ದಾಸಿ, ಗರ್ಭಿಣಿ.

ಹಿನ್ನೆಲೆ

ಆಗ ಸೆಪ್ಟಿಮಿಯಸ್ ಸೆವೆರಸ್ ಚಕ್ರವರ್ತಿ. ಸಾಮ್ರಾಜ್ಯದಾದ್ಯಂತ ಕ್ರೈಸ್ತರ ಮೇಲೆ ದಮನ ನಡೆದದ್ದು ಮುಂದೆ, ಡೇಸಿಯಸ್ ಮತ್ತು ಡಯೋಕ್ಲೀಷಿಯನ್ ಕಾಲದಲ್ಲಿ. ಅದಕ್ಕೂ ಮೊದಲು ಎಲ್ಲವೂ ಆಯಾ ಪ್ರಾಂತ್ಯದ ಅಧಿಕಾರಿಯ ಕೈಯಲ್ಲಿತ್ತು. ದೇವತೆಗಳಿಗೆ, ಚಕ್ರವರ್ತಿಯ ಕ್ಷೇಮಕ್ಕಾಗಿ ಬಲಿ ಅರ್ಪಿಸಿದರೆ ಬಿಡುಗಡೆ, ಒಪ್ಪದಿದ್ದರೆ ಮರಣ.

ಸೆರೆಮನೆಯ ದಿನಚರಿ

ಪೆರ್ಪೆತುವಾ, ಫೆಲಿಸಿಟಿ ಮತ್ತು ಅವರ ಸಂಗಡಿಗರನ್ನು ಬಂಧಿಸಿದಾಗ ಅವರು ಇನ್ನೂ ಧರ್ಮೋಪದೇಶ ಪಡೆಯುತ್ತಿದ್ದವರು. ಅವರ ಗುರು ಸಾತುರಸ್ ತಾನಾಗಿಯೇ ಬಂದು ಸೆರೆಯಾದ. ಪೆರ್ಪೆತುವಾ ಸೆರೆಯಲ್ಲೇ ಲ್ಯಾಟಿನ್‌ನಲ್ಲಿ ತನ್ನ ಅನುಭವ ಬರೆದಳು. ಕ್ರೈಸ್ತ ಮಹಿಳೆಯೊಬ್ಬಳು ಬರೆದು ಇಂದಿಗೂ ಉಳಿದಿರುವ ಅತ್ಯಂತ ಹಳೆಯ ಬರಹಗಳಲ್ಲಿ ಇದೂ ಒಂದು. ಕತ್ತಲ ಕೋಣೆ, ಉಸಿರುಗಟ್ಟಿಸುವ ಸೆಕೆ, ಕಾವಲುಗಾರರ ಸುಲಿಗೆ, ಹಸಿವಿನಿಂದ ಸೊರಗುತ್ತಿದ್ದ ಕಂದ: ಎಲ್ಲವನ್ನೂ ಆಕೆ ದಾಖಲಿಸಿದ್ದಾಳೆ. ಮಗುವನ್ನು ಜೊತೆಯಲ್ಲಿಟ್ಟುಕೊಳ್ಳಲು ಅನುಮತಿ ಸಿಕ್ಕ ಮೇಲೆ ಸೆರೆಯೇ ಆಕೆಗೆ ಹಿತವಾಯಿತು.

ವಿಚಾರಣೆ

ಅಧಿಕಾರಿ ಹಿಲೇರಿಯಾನಸ್ ಎದುರು ಪೆರ್ಪೆತುವಾಳ ತಂದೆ ಮೊಮ್ಮಗನನ್ನು ಎತ್ತಿಕೊಂಡು ಬಂದು ಅಂಗಲಾಚಿದ. ಮಗಳು ಮಣಿಯಲಿಲ್ಲ. ಅಧಿಕಾರಿ ಆ ಮುದುಕನಿಗೆ ಕೋಲಿನಿಂದ ಹೊಡೆಸಿದ. ಆ ಏಟು ತನಗೇ ಬಿದ್ದಂತೆ ಆಕೆ ನೊಂದಳು. ಆ ನೋವೂ ನಿರ್ಧಾರವನ್ನು ಬದಲಿಸಲಿಲ್ಲ.

ಬಂಧಿತರಿಗೆ ಮರಣದಂಡನೆಯಾಯಿತು. ಆದರೆ ಗರ್ಭಿಣಿಯನ್ನು ಕೊಲ್ಲುವುದು ರೋಮನ್ ಕಾನೂನಿನಲ್ಲಿ ನಿಷಿದ್ಧವಾಗಿತ್ತು. ಸಂಗಡಿಗರಿಂದ ದೂರವಾಗಿ ಸಾಯಬೇಕಾದೀತೆಂದು ಫೆಲಿಸಿಟಿ ಕಂಗಾಲಾಗಿದ್ದಳು. ಎಂಟನೇ ತಿಂಗಳಿನಲ್ಲೇ ಹೆರಿಗೆಯಾಗಿ ಹೆಣ್ಣುಮಗು ಜನಿಸಿತು. ಕ್ರೈಸ್ತ ಸೋದರಿಯೊಬ್ಬಳು ಆ ಕೂಸನ್ನು ಸಾಕಿದಳು.

ಅಖಾಡದಲ್ಲಿ

ಸೆವೆರಸನ ಮಗ ಗೇಟಾನ ಹುಟ್ಟುಹಬ್ಬದ ಕ್ರೀಡೆಗಳಲ್ಲಿ ಅವರನ್ನು ಮೃಗಗಳ ಮುಂದೆ ಬಿಟ್ಟರು. ಸೀರೀಸ್ ದೇವತೆಯ ಪೂಜಾರಿಣಿಯರ ಉಡುಪು ತೊಡಲು ಅವರು ಖಡಾಖಂಡಿತವಾಗಿ ನಿರಾಕರಿಸಿದರು. ಕಾಡುಹಸು ಎತ್ತಿ ಎಸೆದಾಗ ಪೆರ್ಪೆತುವಾ ಹರಿದ ಬಟ್ಟೆ ಸರಿಪಡಿಸಿಕೊಂಡು, ಬಿದ್ದಿದ್ದ ಫೆಲಿಸಿಟಿಯ ಕೈಹಿಡಿದು ಎಬ್ಬಿಸಿದಳು. ಕೊನೆಗೆ ಅನನುಭವಿ ಗ್ಲಾಡಿಯೇಟರನ ನಡುಗುವ ಕತ್ತಿಯನ್ನು ತಾನೇ ಕೊರಳಿಗೆ ಹಿಡಿದುಕೊಂಡಳು.

ಮಹತ್ವ

ಪೆರ್ಪೆತುವಾ ಕ್ರೀಡೆಯ ಹಿಂದಿನ ದಿನದವರೆಗಿನದನ್ನು ಬರೆದು, ಮುಂದಿನದನ್ನು ಬೇರೆಯವರಿಗೆ ಬಿಟ್ಟಳು. ಹೆಸರು ತಿಳಿಯದ ಸಂಪಾದಕ ಅದನ್ನು ಪೂರ್ಣಗೊಳಿಸಿದ. ಸಂತ ಅಗಸ್ಟಿನ್ ಇವರ ಹಬ್ಬದಂದು ಪ್ರವಚನ ನೀಡುತ್ತಿದ್ದ. ಒಡತಿ–ದಾಸಿ ಎಂಬ ಭೇದ ಬಿಗಿಯಾಗಿದ್ದ ಸಮಾಜದಲ್ಲಿ ಸಾವಿಗೆ ಜೊತೆಯಾಗಿ ನಡೆದ ಇಬ್ಬರನ್ನೂ ಕ್ರೈಸ್ತಸಭೆ ಒಟ್ಟಿಗೇ ಸ್ಮರಿಸುತ್ತದೆ. ಕಥೋಲಿಕರ ಪ್ರಾಚೀನ ಬಲಿಪೂಜಾ ಪ್ರಾರ್ಥನೆಯಲ್ಲಿ ಫೆಲಿಸಿಟಿಯ ಹೆಸರೇ ಮೊದಲು ಬರುತ್ತದೆ.